ನಿದ್ದೆಯಲ್ಲಿ ಹಾಜರಾದ ಮೂವರು

ನಿದ್ದೆ ಮಾಡಿದ್ದಕ್ಕೆ ಯಾರೂ ದಂಡ ಹಾಕುವುದಿಲ್ಲ ಎಂದು ನಂಬಿದವರು ಶ್ರೀರಾಂಪುರದ ಮಮತಾಳನ್ನು ಒಮ್ಮೆ ಕೇಳಬೇಕು. ಒಂದು ಭಾನುವಾರ ಹನ್ನೊಂದು ಗಂಟೆಗೆ ಅವಳು ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಮುಕ್ಕಾಲು ಗಂಟೆ ಮಲಗಿದಳು. ಅಷ್ಟಕ್ಕೇ ಅವಳ ಓದು, ಟ್ರಂಕು, ಎರಡೂವರೆಯ ಬಸ್ಸು ಮೂರೂ ಪಂಚಾಯ್ತಿಗೆ ಬಂದು ನಿಂತವು. ಇದು ನಡೆದದ್ದು ನಡೆದ ಹಾಗೆಯೇ. ಕಟ್ಟಿ ಹೇಳುವುದಾಗಿದ್ದರೆ ಇದರಲ್ಲಿ ಬರುವ ದೆವ್ವಗಳಿಗೆ ಇನ್ನಷ್ಟು ಭಯಂಕರವಾದ ಹೆಸರು ಇಡಬಹುದಿತ್ತು.

ಮಮತಾ ಒಂಬತ್ತನೇ ಕ್ಲಾಸು. ಹಿರಿಯೂರಿನ ಹತ್ತಿರ ಹೆಣ್ಣುಮಕ್ಕಳ ವಸತಿ ಶಾಲೆಯೊಂದರಲ್ಲಿ ಅವಳಿಗಿದು ನಾಲ್ಕನೇ ವರ್ಷ. ಮೂರು ದಿನದ ರಜಕ್ಕೆ ಊರಿಗೆ ಬಂದವಳು ಅಂದು ಮಧ್ಯಾಹ್ನವೇ ವಾಪಸು ಹೊರಡಬೇಕಿತ್ತು. ಟ್ರಂಕಿಗೆ ಬೀಗ ಬಿದ್ದಿತ್ತು. ಅಮ್ಮ ದೇವಿಕಾ ತಲೆಗೆ ಎಣ್ಣೆ ಒತ್ತಿ ಎರೆದಿದ್ದಳು. ಮುದ್ದೆ, ಹುರುಳಿಕಾಳಿನ ಸಾರು ಹೊಟ್ಟೆಯಲ್ಲಿ ಬೆಚ್ಚಗೆ ಕೂತಿತ್ತು. ಇಷ್ಟೆಲ್ಲ ಆದ ಮೇಲೂ ನಿದ್ದೆ ಬಾರದಿದ್ದರೆ ಅದು ಮನುಷ್ಯರ ದೇಹವೇ ಅಲ್ಲ.

ಅವಳ ಶಾಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿನ ವಾರ್ಡನ್ ಶಿವಗಂಗಮ್ಮನವರು ಪ್ರತಿ ತಿಂಗಳ ಒಂದನೇ ತಾರೀಕು ಚೀಟಿ ಎತ್ತಿ ಹುಡುಗಿಯರ ಮಂಚ ಬದಲಾಯಿಸುತ್ತಿದ್ದರು. "ಹೊಸದುರ್ಗದವರೆಲ್ಲ ಒಂದು ಮೂಲೆ, ಹೊಳಲ್ಕೆರೆಯವರೆಲ್ಲ ಇನ್ನೊಂದು ಮೂಲೆ ಹಿಡಿದ್ರೆ ಇದು ಹಾಸ್ಟೆಲ್ ಅಲ್ಲ, ತಾಲ್ಲೂಕು ಆಫೀಸು" ಎಂಬುದು ಅವರ ವಾದ. ಹೀಗಾಗಿ ಆರನೇ ಕ್ಲಾಸಿಗೆ ಬಂದ ಮೊದಲ ರಾತ್ರಿ ಅಳುತ್ತ ಮಲಗಿದ ಮಮತಾಳ ಪಕ್ಕದ ಮಂಚದಲ್ಲಿದ್ದವಳು ಆಂಧ್ರದ ಗಡಿಯ ಶೋಭಾರಾಣಿ. ಅವಳೂ ಅಳುತ್ತಿದ್ದಳು, ಆದರೆ ತೆಲುಗಿನಲ್ಲಿ. ಅಳು ಅರ್ಥವಾಗುವುದಕ್ಕೆ ಭಾಷೆ ಬೇಕಾಗಲಿಲ್ಲ; ಮಾರನೆಯ ದಿನ ಜಗಳವಾಡುವುದಕ್ಕೆ ಬೇಕಾಯಿತು. ಮಮತಾ ಕಲಿತಳು. ಆಮೇಲೆ ಚಿತ್ರದುರ್ಗದ ಸೈಕಲ್ ಶಾಪಿನವರ ಮಗಳು ನಗೀನಾ ಪಕ್ಕಕ್ಕೆ ಬಂದಳು. ಅದಾದ ಮೇಲೆ ಹೊಳಲ್ಕೆರೆ ಕಡೆಯ ತಾಂಡಾದ ಸೀತಾಬಾಯಿ.

ಕುಂಬಳದ ಬಳ್ಳಿ ಸಿಕ್ಕಿದ ಬೇಲಿಗೆಲ್ಲ ಹಬ್ಬುವಂತೆ ಮಮತಾಳ ನಾಲಿಗೆ ಹಬ್ಬಿತು. ಮಗ್ಗಿ ಹೇಳುವುದು ತೆಲುಗಿನಲ್ಲಿ, ಸಿಟ್ಟು ಬಂದರೆ ನಗೀನಾಳ ಉರ್ದುವಿನಲ್ಲಿ, ಜ್ವರ ಬಂದರೆ ಸೀತಾಬಾಯಿಯ ಅಜ್ಜಿಯ ಜೋಗುಳದಲ್ಲಿ. ಅದರ ಮೇಲೆ ಅವಳಿಗೆ ದೇವರು ಕೊಟ್ಟ ಇನ್ನೊಂದು ವಿದ್ಯೆ ಇತ್ತು: ಯಾರ ಧ್ವನಿಯನ್ನಾದರೂ ಹಾಗೆಯೇ ಎತ್ತಿ ತನ್ನ ಗಂಟಲಿಗೆ ಹಾಕಿಕೊಳ್ಳುವಳು. ಬೆಳಗಿನ ಐದೂವರೆಯ ಹಾಜರಿಗೆ ಯಾರು ಏಳದಿದ್ದರೂ ಚಿಂತೆಯಿಲ್ಲ. ಶಿವಗಂಗಮ್ಮನವರು ರಿಜಿಸ್ಟರಿನಿಂದ ಕಣ್ಣೆತ್ತುತ್ತಿರಲಿಲ್ಲ. ಮಮತಾ ಒಬ್ಬಳೇ ನಿಂತು ನಾಲ್ವರಾಗುತ್ತಿದ್ದಳು.

ಆ ಭಾನುವಾರ ಜಗಲಿಯ ಮೇಲೆ ಗಾಳಿ ಹಿತವಾಗಿ ಬೀಸುತ್ತಿತ್ತು. ಹಿತ್ತಲಿನ ರೊಪ್ಪದಲ್ಲಿ ಕುರಿಮರಿಗಳು ಮೆಲ್ಲಗೆ ಅರಚುತ್ತಿದ್ದವು. ಆ ಅರಚು ಸಣ್ಣದಾಗುತ್ತ ಆಗುತ್ತ ನೀರಿನ ಸದ್ದಾಯಿತು. ನೋಡಿದರೆ ಮಾರಿಕಣಿವೆ ಅಣೆಕಟ್ಟಿನ ನೀರು. ಆ ನೀರಿನ ಮೇಲೆ ಹಾಸ್ಟೆಲಿನ ನಲವತ್ತು ಮಂಚಗಳು ಸಾಲಾಗಿ ತೇಲುತ್ತಿದ್ದವು. ಸೊಳ್ಳೆಪರದೆಗಳು ಗಾಳಿ ತುಂಬಿ ಬೆಳ್ಳಗೆ ಉಬ್ಬಿದ್ದವು. ಆಕಾಶ ಕೆಳಗಿತ್ತು, ಅದರಲ್ಲಿ ಮೀನುಗಳು ತಮ್ಮ ಪಾಡಿಗೆ ಊಟದ ಗಂಟೆ ಕಾಯುತ್ತಿದ್ದವು. ದೂರದಿಂದ ಶಿವಗಂಗಮ್ಮನವರು ಹರಿಗೋಲಿನಲ್ಲಿ ಕೂತು, ತೊಡೆಯ ಮೇಲೆ ರಿಜಿಸ್ಟರ್ ಇಟ್ಟುಕೊಂಡು, ನಿಧಾನವಾಗಿ ತಿರುಗುತ್ತ ಬರುತ್ತಿದ್ದರು. ಕನಸಿನ ಕಾನೂನು ಮಮತಾಳಿಗೆ ಹೇಗೋ ಗೊತ್ತಿತ್ತು: ಹಾಜರಿ ಕೂಗಿದಾಗ ಯಾರು ಓಗೊಡುವುದಿಲ್ಲವೋ ಅವರ ಮಂಚ ಮುಳುಗುತ್ತದೆ. ಮೂರು ಮಂಚಗಳು ಖಾಲಿ ಇದ್ದವು. ಮೂರೂ ಗೆಳತಿಯರವು.

ಸರಿಯಾಗಿ ಅದೇ ಹೊತ್ತಿಗೆ ಪಕ್ಕದ ಮನೆಯ ದ್ಯಾಮಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಲೋಟ ಹಿಡಿದುಕೊಂಡು ಬಂದಳು. ಅವಳು ಜಗಲಿ ಹತ್ತುವಾಗ ಮಮತಾ ಕಣ್ಣುಮುಚ್ಚಿಕೊಂಡೇ, "ಏಮೇ, ನಾ ದುಪ್ಪಟಿ ಎಕ್ಕಡ?" ಎಂದು ತನ್ನ ಹೊದಿಕೆ ಎಲ್ಲೆಂದು ತೆಲುಗಿನಲ್ಲಿ ಕೇಳಿದಳು.

ದ್ಯಾಮಮ್ಮ ನಿಂತಳು. ಲೋಟವೂ ನಿಂತಿತು.

ದೆವ್ವದ ವಿಷಯದಲ್ಲಿ ದ್ಯಾಮಮ್ಮನಿಗೆ ಇಡೀ ಹೋಬಳಿಯಲ್ಲಿ ಹೆಸರಿತ್ತು. ನಿದ್ದೆಯಲ್ಲಿ ಪರಭಾಷೆ ಬಂದರೆ ಎಬ್ಬಿಸಬಾರದು, ಪಕ್ಕದಲ್ಲಿ ಕೂತು ಮರ್ಯಾದೆಯಿಂದ ಹೆಸರು ಕೇಳಬೇಕು. ಹೆಸರು ಹೇಳಿದ್ದು ಹಿಡಿತಕ್ಕೆ ಸಿಗುತ್ತದೆ, ಕೇಳಿದ್ದನ್ನು ಕೊಟ್ಟರೆ ಹೋಗುತ್ತದೆ. ಇದು ಅವಳ ಶಾಸ್ತ್ರ. ಚಾಪೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿದಳು:

"ಯಾರವ್ವ ನೀನು?"

ಹರಿಗೋಲಿನಿಂದ ವಾರ್ಡನ್ನು ಕೂಗಿದಂತಾಯಿತು ಮಮತಾಳಿಗೆ. ಶೋಭಾರಾಣಿಯ ಮಂಚ ಆಗಲೇ ವಾಲುತ್ತಿತ್ತು. "ನೇನೇ ಶೋಭಾರಾಣಿ! ಉನ್ನಾನು ಮೇಡಂ!" ಎಂದಳು, ಶೋಭಾರಾಣಿಯ ದಪ್ಪ ಧ್ವನಿಯಲ್ಲಿ.

"ಇನ್ನೂ ಯಾರಾದ್ರೂ ಅವ್ರಾ?"

"ಮೈ ನಗೀನಾ! ಇಧರಿಚ್ ಹೂಂ!" ಈ ಸಲ ಮೂಗಿನಿಂದ.

"ಅಯ್ಯೋ ಶಿವನೆ. ಇನ್ನೂ?"

"ಸೀತಾಬಾಯಿ, ಹಾಜರ್" ಎಂದಿತು ಎಳೆಯದೊಂದು ಧ್ವನಿ. ಎಂದು, "ಯಾಡೀ, ಯಾಡೀ..." ಎಂದು ಲಂಬಾಣಿಯಲ್ಲಿ ಅವ್ವನನ್ನು ಕರೆಯುತ್ತ ರಾಗ ಎಳೆದು ಸಣ್ಣಗೆ ಹಾಡತೊಡಗಿತು.

"ದೇವಿಕಾss! ಓಡಿ ಬಾರೆ! ನಿನ್ನ ಮಗಳ ಮೈಮ್ಯಾಲೆ ಮೂರು ಜನ ಅವ್ರೆ! ಹಾಜರಿದೀವಿ ಅಂತ ತಾವೇ ಒಪ್ಕಂಡವ್ರೆ!"

ಮಮತಾ ಕಣ್ಣುಬಿಟ್ಟಾಗ ಮಂಚಗಳಿರಲಿಲ್ಲ, ಮುಖಗಳಿದ್ದವು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಅಪ್ಪ ಪರಮೇಶ ರೊಪ್ಪದಿಂದ ಬಂದವನು ಕೈಯಲ್ಲಿ ಸೊಪ್ಪಿನ ಕಟ್ಟು ಹಾಗೇ ಹಿಡಿದಿದ್ದ. ಎದುರು ಮನೆಯ ಗೊಬ್ಬರದಂಗಡಿ ತಿಪ್ಪೇರುದ್ರಪ್ಪನವರು ಹಣೆ ತುಂಬ ವಿಭೂತಿ ಬಳಿದುಕೊಂಡು, ಅವಳ ಹಣೆಗೂ ಬಳಿಯಲು ಮೂರು ಬೆರಳು ಚಾಚಿಕೊಂಡಿದ್ದರು. ಅಜ್ಜಿ ಗಂಗಕ್ಕ ಮಾತ್ರ ಮೂಲೆಯಲ್ಲಿ ಮೊರದ ಮುಂದೆ ಕೂತು ಅವರೆಕಾಳು ಆರಿಸುತ್ತಿದ್ದಳು.

"ಅಯ್ಯೋ, ಅವ್ರೆಲ್ಲ ನನ್ ಫ್ರೆಂಡ್ಸ್ ಕಣಮ್ಮ!" ಎಂದಳು ಮಮತಾ ನಡೆದದ್ದು ತಿಳಿದ ಮೇಲೆ.

"ನೋಡಿದ್ಯಾ ದೇವಿಕಾ? ಫ್ರೆಂಡ್ ಅಂತ ಹೇಳ್ಕಂಡೇ ಬರೋದು ಅವು" ಎಂದಳು ದ್ಯಾಮಮ್ಮ. "ದೆವ್ವ ಅಂತ ಹೇಳ್ಕಂಡು ಯಾವ ದೆವ್ವ ಬತ್ತೈತೆ?"

ದೇವಿಕಾಳಿಗೆ ಒಂದೊಂದೇ ನೆನಪಾಯಿತು. "ನಂಗೂ ಅನುಮಾನ ಇತ್ತು ದ್ಯಾಮಕ್ಕ. ನಿನ್ನೆ ಕುರಿಮರಿ ಎಣಿಸು ಅಂದ್ರೆ ಒಕಟಿ, ರೆಂಡು ಅಂತಾಳೆ. ನಾಯಿ ಓಡಿಸ್ವಾಗ ಉರ್ದುನಾಗೆ ಬೈದ್ಲು. ನಾಯಿನೂ ಕಕ್ಕಾಬಿಕ್ಕಿಯಾಗಿ ನಿಂತ್ಕಂತು."

"ಒಂದೊಂದು ಲಕ್ಷಣಾನೂ ಹೊಂದ್ತೈತೆ" ಎಂದರು ತಿಪ್ಪೇರುದ್ರಪ್ಪನವರು, ಯೂರಿಯಾ ಯಾವ ಬೆಳೆಗೆ ಎಷ್ಟು ಎಂದು ಹೇಳುವ ಗಾಂಭೀರ್ಯದಲ್ಲಿ. ಆಮೇಲೆ ಮಮತಾಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. "ನಿಜ ಹೇಳು. ನೀನ್ಯಾರು?"

"ಮಮತಾ."

"ಅದು ಮೈಯ ಹೆಸರು. ಒಳಗಿರೋರು ಯಾರು?"

ಯಾರಾದರೂ ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಕೇಳಿದ್ದರೆ ಮಮತಾ ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದಳು. ಇಲ್ಲಿ ಮುಂದಿನ ಪ್ರಶ್ನೆ ಇರಲಿಲ್ಲ. ಅವಳು ನಿಜವಾಗಿಯೂ ಯೋಚಿಸಿದಳು. ನಿದ್ದೆಯ ಮಂಪರು ಇನ್ನೂ ಪೂರ್ತಿ ಹೋಗಿರಲಿಲ್ಲ. ಒಳಗೆ ಇಣುಕಿದರೆ ನೀರು ಇನ್ನೂ ಅಲ್ಲಾಡುತ್ತಿತ್ತು. ಲೆಕ್ಕ ಮಾಡುವವಳು ಶೋಭಾರಾಣಿ. ಹೆದರಿದಾಗ ಮುಂದೆ ನಿಲ್ಲುವವಳು ನಗೀನಾ. ಸುಮ್ಮನೆ ಕೂತಾಗ ಹಾಡುವವಳು ಸೀತಾಬಾಯಿ. ಇವರನ್ನೆಲ್ಲ ಬದಿಗೆ ಸರಿಸಿದರೆ ಉಳಿಯುವ ಮಮತಾ ಯಾವಳು? ಸರಿಸಿ ನೋಡಲು ಮನಸ್ಸಾಗಲಿಲ್ಲ. ಆದ್ದರಿಂದ ಪ್ರಾಮಾಣಿಕವಾಗಿ ಹೇಳಿದಳು:

"ಎಲ್ಲಾರೂ ಇದೀವಿ ಅನ್ಸುತ್ತೆ."

ದೇವಿಕಾ ಕಿಟಾರನೆ ಕಿರುಚಿದಳು. ತಿಪ್ಪೇರುದ್ರಪ್ಪನವರು ಕೂತಲ್ಲೇ ಒಂದು ಮೊಳ ಹಿಂದೆ ಸರಿದರು.

ಪರಮೇಶ ಸೊಪ್ಪಿನ ಕಟ್ಟು ಕೆಳಗಿಟ್ಟ. "ಆತು ಬಿಡು. ಇವಳನ್ನ ಇನ್ನ ಆ ಇಸ್ಕೂಲಿಗೆ ಕಳ್ಸೋದು ಬ್ಯಾಡ. ಇಲ್ಲೇ ಹೈಸ್ಕೂಲ್ ಐತೆ, ನಡ್ಕಂಡು ಹೋಗ್ಲಿ, ನಡ್ಕಂಡು ಬರ್ಲಿ" ಎಂದ. ಎಂದವನೇ ಟ್ರಂಕನ್ನು ಎತ್ತಿ ಒಳಗೆ ಒಯ್ದು ರಾಗಿ ಚೀಲದ ಹಿಂದೆ ಇಟ್ಟು ಬಂದ.

ಮಮತಾ ಟ್ರಂಕು ಹೋದ ಬಾಗಿಲನ್ನೇ ನೋಡಿದಳು. ಅಪ್ಪ ಬೈದರೆ ಭಯವಿರಲಿಲ್ಲ, ಮಳೆಯ ಹಾಗೆ ಸುರಿದು ನಿಲ್ಲುತ್ತಿದ್ದ. ಮೆಲ್ಲಗೆ ಹೇಳಿದ್ದನ್ನು ಮಾತ್ರ ಮಾಡಿಯೇ ತೀರುತ್ತಿದ್ದ. ಗಡಿಯಾರ ಹನ್ನೆರಡೂ ಕಾಲು ತೋರಿಸುತ್ತಿತ್ತು. ಬಸ್ಸಿಗೆ ಇನ್ನು ಎರಡೂಕಾಲು ಗಂಟೆ. ದೆವ್ವ ಇಲ್ಲ ಎಂದು ಸಾಧಿಸುವುದಕ್ಕೆ ಅಷ್ಟು ಹೊತ್ತು ಸಾಲದು. ಆದರೆ ಇದ್ದ ದೆವ್ವ ಹೋಯಿತು ಎಂದು ತೋರಿಸುವುದಕ್ಕೆ ಧಾರಾಳವಾಗಿ ಸಾಕು.

ಅವಳು ಕತ್ತು ವಾರೆ ಮಾಡಿದಳು. ಕಣ್ಣು ಮೇಲೆ ಮಾಡಿದಳು.

"ಬಂತು, ಬಂತು!" ದ್ಯಾಮಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಯಾರಿದು?"

"ನಗೀನಾ."

"ಏನ್ ಬೇಕು ಕೇಳಿ ತಗಂಡು ಹೋಗವ್ವ."

"ಚಾ ಹೋನಾ" ಎಂದಿತು ನಗೀನಾಳ ಮೂಗು. ಸ್ವಲ್ಪ ಯೋಚಿಸಿ, "ಬನ್ ಭೀ ಹೋನಾ."

ಬನ್ನು ಬೇಕರಿಯಿಂದ ಬಂತು, ಚಹಾ ಒಲೆಯಿಂದ ಬಂತು. ನಗೀನಾ ಬನ್ನನ್ನು ಚಹಾದಲ್ಲಿ ಅದ್ದಿ ಅದ್ದಿ, ಕಣ್ಣು ಅರೆ ಮುಚ್ಚಿ, ಅವಸರವಿಲ್ಲದೆ ತಿಂದಳು. "ದೆವ್ವಕ್ಕೆ ಎಷ್ಟು ನಾಜೂಕು ನೋಡ್ರಿ" ಎಂದರು ತಿಪ್ಪೇರುದ್ರಪ್ಪನವರು. ಕಡೆಯ ತುಣುಕು ಮುಗಿದ ಮೇಲೆ ನಗೀನಾ, "ಜಾತೂಂ" ಎಂದು ಹೇಳಿ ಹೊರಟುಹೋದಳು.

ಆಟಕ್ಕೆ ಹೇಳಿದ್ದು ಹೌದು. ಆದರೂ ಹೇಳಿದ ಕೂಡಲೇ ಮಮತಾಳಿಗೆ ಎದೆಯೊಳಗೆ ಏನೋ ಬಿಕೋ ಎಂದಿತು. ಕ್ಯಾಲೆಂಡರ್ ತೆಗೆದ ಗೋಡೆಯಲ್ಲಿ ಮೊಳೆ ಮಾತ್ರ ಉಳಿದ ಹಾಗೆ.

ಎರಡನೆಯವಳು ಸೀತಾಬಾಯಿ. ಅವಳಿಗೆ ಹುರಿದ ಶೇಂಗಾ, ಬೆಲ್ಲ ಬೇಕಿತ್ತು, ಎರಡು ಸೇರು. "ಈಗ ತಿನ್ನಲ್ಲ, ದಾರಿಗೆ" ಎಂದಳು. ಹಾಸ್ಟೆಲಿನ ಗೆಳತಿಯರಿಗೆ ಒಯ್ಯುವ ತಿಂಡಿ ಹೀಗೆ ದೆವ್ವದ ಲೆಕ್ಕದಲ್ಲಿ ಗಂಟಾಯಿತು. ದೇವಿಕಾ ಹುರಿಯುತ್ತ ಅತ್ತಳು, ಅಳುತ್ತ ಹುರಿದಳು. ಸೀತಾಬಾಯಿ ಜೋಗುಳದ ಒಂದು ಸಾಲು ಹಾಡಿ ಹೊರಟಳು. ಗೋಡೆಯಲ್ಲಿ ಇನ್ನೊಂದು ಮೊಳೆ.

ಆಗಲೇ ಗಂಟೆ ಒಂದೂ ಮುಕ್ಕಾಲು. ಇನ್ನು ಉಳಿದವಳು ಶೋಭಾರಾಣಿ.

"ನೀನೂ ಹೊರಡು" ಎಂದು ತಿಪ್ಪೇರುದ್ರಪ್ಪನವರು ಧೈರ್ಯದಿಂದ ವಿಭೂತಿ ಎರಚಿದರು. ಎರಡು ದೆವ್ವ ಬಿಡಿಸಿದ ಹುಮ್ಮಸ್ಸು ಅವರಲ್ಲಿತ್ತು. "ಏನ್ ಬೇಕು? ಬೇಗ ಕೇಳಿ ಬಿಟ್ಟು ಹೋಗು. ನಂಗೆ ಅಂಗಡಿ ತೆಗೀಬೇಕು."

ಮಮತಾ ಬಾಯಿ ತೆರೆದಳು. ಹೋಗುತ್ತೇನೆ ಎಂದು ತೆಲುಗಿನಲ್ಲಿ ಹೇಳಿಬಿಟ್ಟರೆ ಮುಗಿಯುತ್ತಿತ್ತು. ಟ್ರಂಕು ಹೊರಗೆ ಬರುತ್ತಿತ್ತು. ಆದರೆ ಮೊದಲ ರಾತ್ರಿ ಪಕ್ಕದ ಮಂಚದಿಂದ ಕೈ ಚಾಚಿ ತನ್ನ ಕಿರುಬೆರಳು ಹಿಡಿದುಕೊಂಡು ಮಲಗಿದ ಹುಡುಗಿಯನ್ನು ಸುಳ್ಳಿಗಾದರೂ ಕಳಿಸಲು ಗಂಟಲು ಒಪ್ಪಲಿಲ್ಲ.

"ನೇನು ಪೋನು" ಎಂದಳು. ನಾನು ಹೋಗಲ್ಲ.

"ಏನಂದ್ಲು?" ಎಂದ ಪರಮೇಶ.

"ಫೋನು ಬೇಕಂತೆ" ಎಂದಳು ದ್ಯಾಮಮ್ಮ.

ಆಗ ಮೂಲೆಯಲ್ಲಿ ಅವರೆಕಾಳು ಆರಿಸುವ ಸದ್ದು ನಿಂತಿತು.

"ಎಂದುಕೇ ಪೋವಾಲಿ?" ಎಂದಿತು ಒಂದು ಮುದಿ ಧ್ವನಿ. "ಪೋವದ್ದು ತಲ್ಲಿ. ಇಕ್ಕಡೇ ಉಂಡು."

ಎಲ್ಲರೂ ತಿರುಗಿ ನೋಡಿದರು. ಯಾಕೆ ಹೋಗಬೇಕು, ಇಲ್ಲೇ ಇರು ಎಂದು ತೆಲುಗಿನಲ್ಲಿ ಹೇಳಿದ್ದು ಗಂಗಕ್ಕ.

ದ್ಯಾಮಮ್ಮ ಎರಡು ಹೆಜ್ಜೆ ಹಿಂದಕ್ಕೆ ಹಾರಿ ತೋರುಬೆರಳು ಚಾಚಿದಳು. "ಹಾರ್ತು! ಹುಡುಗೀನ ಬಿಟ್ಟು ಮುದುಕಿಗೆ ಹಾರ್ತು!"

ಗಂಗಕ್ಕನಿಗೆ ಅದು ಕೇಳಿಸಲೇ ಇಲ್ಲ. ಅವಳು ಮೊರ ಬದಿಗಿಟ್ಟು ಮೊಮ್ಮಗಳ ಕಡೆಗೆ ವಾಲಿದ್ದಳು. ಮುಖದಲ್ಲಿ ಯಾವುದೋ ಹಳೆಯ ದಾರಿಯ ಧೂಳು, ಬಿಸಿಲು ಎಲ್ಲ ಬಂದಿತ್ತು. ಊರಲ್ಲಿ ಬಾವಿಯ ಹತ್ತಿರ ಹುಣಸೆಮರ ಇನ್ನೂ ಇದೆಯೇ ಎಂದು ತೆಲುಗಿನಲ್ಲಿ ಕೇಳಿದಳು. ಈಗಲೂ ಹುಡುಗಿಯರು ಬೆಳದಿಂಗಳಲ್ಲಿ ಆಡುತ್ತಾರೆಯೇ ಎಂದು ಕೇಳಿದಳು. ಕೇಳುತ್ತ ಕೇಳುತ್ತ ಅವಳ ಧ್ವನಿ ಸಣ್ಣದಾಯಿತು, ಎಳೆಯದಾಯಿತು. ಎಪ್ಪತ್ತೈದರ ಗಂಗಕ್ಕನೊಳಗಿಂದ ಹದಿನೈದರ ಒಬ್ಬಳು ಎದ್ದು ಬಂದು, ಲಂಗ ಒದರಿಕೊಂಡು, ಜಗಲಿಯ ಮೇಲೆ ಕೂತಳು.

ಮಮತಾಳಿಗೆ ಏನಾದರೂ ಉತ್ತರ ಕೊಡಲೇಬೇಕೆನಿಸಿತು. ಆದರೆ ಅವಳದು ಹಾಸ್ಟೆಲಿನ ತೆಲುಗು. ಅದರಲ್ಲಿ ಹುಣಸೆಮರ, ಬೆಳದಿಂಗಳು ಯಾವುದೂ ಇರಲಿಲ್ಲ. ಗೊತ್ತಿದ್ದ ಮಗ್ಗಿಯನ್ನೂ ಹೊದಿಕೆಯ ಜಗಳವನ್ನೂ ಹೇಳಿದಳು: "ರೆಂಡು ರೆಂಡ್ಲು ನಾಲುಗು. ನಾ ದುಪ್ಪಟಿ ಇಚ್ಚೇಯಿ."

ಗಂಗಕ್ಕ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅವ್ವ," ಎಂದ ಪರಮೇಶ ಹೆದರಿಕೆಯಿಂದ, "ನಿಂಗ್ಯಾವಾಗ ತೆಲುಗು ಬಂತು?"

"ಬರೋದೇನು, ಹುಟ್ಟಿದ್ದೇ ಅದ್ರಾಗೆ" ಎಂದಳು ಗಂಗಕ್ಕ, ತನ್ನ ಎಂದಿನ ಕನ್ನಡದಲ್ಲಿ. "ನನ್ನ ತವರು ಗಡಿಯಾಚೆ ಅಂತ ನಿಂಗೊತ್ತಿಲ್ವ? ಈ ಮನೆಗೆ ಬಂದ ದಿವ್ಸ ಬಾಯಾರಿಕೆ ಆಗಿ ನೀಳ್ಳು ಕೊಡ್ರಿ ಅಂದೆ. ಮನೆ ತುಂಬ ಜನ ಬಿದ್ದು ಬಿದ್ದು ನಕ್ಕರು. ನಮ್ಮತ್ತೆ, ಇಲ್ಲಿ ನೀರು ಅನ್ನಬೇಕು ಅಂದ್ಲು. ಅವತ್ತಿಂದ ನೀರು ಅಂತಲೇ ಕುಡೀತಿದೀನಿ."

"ಮತ್ತೆ ಒಂದ್ ದಿನಾನೂ ಹೇಳಲಿಲ್ವಲ್ಲ?"

"ನೀನ್ಯಾರು, ಯಾವೂರು, ಏನು ಬೇಕು ಅಂತ ಕೇಳಿದ್ರೆ ತಾನೆ ಹೇಳೋದು? ಅರವತ್ತು ವರ್ಷದಾಗೆ ಈ ಮನ್ಯಾಗೆ ಇವತ್ತೇ ಕಣಪ್ಪ ಆ ಮಾತು ಕೇಳಿದ್ದು. ಅದೂ ದೆವ್ವಕ್ಕೆ ಕೇಳಿದ್ರಿ."

ತಿಪ್ಪೇರುದ್ರಪ್ಪನವರು ಕೈಯಲ್ಲಿದ್ದ ವಿಭೂತಿಯನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ತಮ್ಮ ಹಣೆಗೇ ಮತ್ತೊಂದು ಸಲ ಬಳಿದುಕೊಂಡರು. ಗಂಗಕ್ಕ ಮುಂದುವರಿಸಿದಳು: "ಇದಕ್ಕೆ ಯಾವ ದೆವ್ವಾನೂ ಹಿಡಿದಿಲ್ಲ ಕಣೋ. ಪಕ್ಕದ ಮಂಚದ ಹುಡುಗೀರು ಹಿಡಿದವ್ರೆ. ನಂಗೂ ಅಂಥವರು ಯಾರಾದ್ರೂ ಇದ್ದಿದ್ರೆ ನನ್ ಮಾತು ನನ್ ಬಾಯಾಗೇ ಸಾಯ್ತಿರ್ಲಿಲ್ಲ."

ಪರಮೇಶ ಒಳಗೆ ಹೋದ. ರಾಗಿ ಚೀಲ ಸರಿಸಿದ ಸದ್ದು ಕೇಳಿತು. ಟ್ರಂಕನ್ನು ಹೆಗಲ ಮೇಲೆ ಹೊತ್ತು ತಂದು, "ಏಳಮ್ಮ, ಹೋಗಾಣ. ಬಸ್ಸಿಗೆ ಇನ್ನ ಕಾಲು ಗಂಟೆ ಐತೆ" ಎಂದ.

ಮಮತಾ ಚಂಗನೆ ಎದ್ದಳು. ಚಪ್ಪಲಿ ಮೆಟ್ಟಿದಳು. ಶೇಂಗಾದ ಗಂಟು ಬಗಲಿಗೆ ಏರಿತು. ಖಾಲಿ ಮೊಳೆಗಳಿಗೆಲ್ಲ ಕ್ಯಾಲೆಂಡರುಗಳು ತಾವಾಗಿಯೇ ಮರಳಿ ಬಂದು ತೂಗಿಕೊಂಡ ಹಾಗಾಯಿತು. ಈ ಸಂಜೆ ಹೋದ ಕೂಡಲೇ ಮೂವರನ್ನೂ ಒಂದೇ ಮಂಚಕ್ಕೆ ಎಳೆದು ಕೂರಿಸಿ ಈ ಕತೆಯೆಲ್ಲ ಹೇಳಬೇಕು ಎಂದುಕೊಂಡಳು.

ಆದರೆ ದ್ಯಾಮಮ್ಮ ಬಾಗಿಲಿಗೆ ಅಡ್ಡ ನಿಂತಳು. ಅವಳ ಶಾಸ್ತ್ರದಲ್ಲಿ ಇಂಥ ವಿವರಣೆಗೆಲ್ಲ ಜಾಗ ಇರಲಿಲ್ಲ. "ನಿಲ್ಲಪ್ಪ ಪರಮೇಶ! ಅಕ್ಕಯ್ಯನ ಮೈಮ್ಯಾಲೆ ಇರೋದನ್ನ ಹಂಗೇ ಬಿಟ್ಟು ಹೋಗ್ತೀಯಾ? ಏನು ಬೇಕು ಅಂತ ಕೇಳಿ ಕೊಟ್ಟು ಕಳಿಸ್ಬೇಕು. ಕೊಡದೆ ಹೋದ್ರೆ ಈ ಮನೆ ಕುರಿಯೆಲ್ಲ ಕೆಮ್ಮು ಹತ್ತಿ ಬೀಳ್ತವೆ."

ಕುರಿ ಎಂದ ಕೂಡಲೇ ಪರಮೇಶನ ಹೆಗಲ ಮೇಲಿನ ಟ್ರಂಕು ತುಸು ಕೆಳಗಿಳಿಯಿತು. ಅವನಿಗೆ ಗೊತ್ತಿತ್ತು ಅವ್ವನಿಗೆ ಏನೂ ಆಗಿಲ್ಲ ಎಂದು. ಕುರಿಗಳಿಗೂ ಗೊತ್ತಿದೆಯೇ ಎಂಬುದು ಗೊತ್ತಿರಲಿಲ್ಲ.

"ಕೇಳಿಬಿಡು ಪರಮೇಶ, ಕೇಳಾಕೇನು ಖರ್ಚು?" ಎಂದರು ತಿಪ್ಪೇರುದ್ರಪ್ಪನವರು.

ಗಂಗಕ್ಕ ಒಮ್ಮೆ ಮೊಮ್ಮಗಳ ಮುಖ ನೋಡಿದಳು. ಒಮ್ಮೆ ದ್ಯಾಮಮ್ಮನ ಮುಖ ನೋಡಿದಳು. ಆಮೇಲೆ ನಿಧಾನವಾಗಿ ತುರುಬು ಬಿಚ್ಚಿ, ಬಿಳಿಗೂದಲು ಹರಡಿ, ತಲೆ ತಗ್ಗಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗತೊಡಗಿದಳು.

"ಏನ್ ಬೇಕವ್ವ?" ಎಂದಳು ದ್ಯಾಮಮ್ಮ ಕೈಮುಗಿದು.

"ಎಂಟು ದಿನ!" ಎಂದು ಗುಡುಗಿತು ಗಂಗಕ್ಕನೊಳಗಿನ ಧ್ವನಿ. "ಈ ಹುಡುಗಿ ಎಂಟು ದಿನ ಇಲ್ಲೇ ಇರ್ಬೇಕು! ನನ್ ಪಕ್ಕದಾಗೇ ಮಲಗ್ಬೇಕು! ನನ್ ಜೊತೆ ತೆಲುಗು ಮಾತಾಡ್ಬೇಕು! ಆಗ ಹೋಗ್ತೀನಿ!"

"ಅಜ್ಜೀ!" ಎಂದು ಕೂಗಿದಳು ಮಮತಾ. "ಅಪ್ಪ, ಇದು ಸುಳ್ಳು! ಅಜ್ಜಿ ಆಟ ಕಟ್ತೈತೆ! ದೆವ್ವ ಗಿವ್ವ ಏನೂ ಇಲ್ಲ!"

"ಹಂಗಾದ್ರೆ ನಿಂದೂ ಆಟನಾ?" ಎಂದಳು ದೇವಿಕಾ, ಶೇಂಗಾ ಹುರಿದು ಕೆಂಪಾದ ಕಣ್ಣುಗಳನ್ನು ಮಗಳ ಮೇಲೆ ನೆಟ್ಟು.

ಹೌದು ಎಂದರೆ ಅಮ್ಮನ ಸೌಟು. ಅಲ್ಲ ಎಂದರೆ ಅಜ್ಜಿಯ ಎಂಟು ದಿನ. ಅವಳೊಳಗಿದ್ದ ನಾಲ್ವರಲ್ಲಿ ಒಬ್ಬಳಿಗೂ ಉತ್ತರ ಹೊಳೆಯಲಿಲ್ಲ.

ಟ್ರಂಕು ರಾಗಿ ಚೀಲದ ಹಿಂದಕ್ಕೆ ವಾಪಸಾಯಿತು. ಪರಮೇಶ ವಾರ್ಡನ್ನಿಗೆ ಫೋನು ಮಾಡಿ, "ಅವರಜ್ಜಿಗೆ ಸ್ವಲ್ಪ ಹುಷಾರಿಲ್ಲ ಮೇಡಂ, ಎಂಟು ದಿನ" ಎಂದು ಹೇಳುತ್ತಿದ್ದಾಗಲೇ ರಸ್ತೆಯ ತಿರುವಿನಲ್ಲಿ ಎರಡೂವರೆಯ ಬಸ್ಸು ಎರಡು ಸಲ ಹಾರನ್ ಹೊಡೆದು, ಧೂಳೆಬ್ಬಿಸಿ, ಹೊಸದುರ್ಗದ ಕಡೆಗೆ ಹೋಯಿತು. ದ್ಯಾಮಮ್ಮ ತೃಪ್ತಿಯಿಂದ ಮಜ್ಜಿಗೆ ಇಸಿದುಕೊಂಡು ಮನೆಗೆ ಹೋದಳು. ತಿಪ್ಪೇರುದ್ರಪ್ಪನವರು ಅಂಗಡಿ ತೆರೆದರು.

ಜಗಲಿಯ ಮೇಲೆ ಅಜ್ಜಿ, ಮೊಮ್ಮಗಳು ಇಬ್ಬರೇ ಉಳಿದರು. ಮಮತಾ ಮುಖ ಊದಿಸಿಕೊಂಡು ಕಂಬಕ್ಕೆ ಒರಗಿದಳು. ಗಂಗಕ್ಕ ಕೂದಲು ಒಟ್ಟು ಮಾಡಿ ತುರುಬು ಕಟ್ಟಿಕೊಳ್ಳುತ್ತ ಮೊಣಕೈಯಿಂದ ಅವಳನ್ನು ತಿವಿದಳು.

"ಯಾಕೆ ಸಿಟ್ಟು ಮಗ? ನಿನ್ ನಗೀನಾ ಚಾ, ಬನ್ನು ಕೇಳಿ ತಿಂದ್ಲು. ಸೀತಾಬಾಯಿ ಎರಡು ಸೇರು ಶೇಂಗಾ ಕಟ್ಟಿಸ್ಕಂಡ್ಲು. ನಾನು ಕೇಳಿದ್ದೊಂದೇ ತಪ್ಪಾ?"

ಮಮತಾ ನಗಬಾರದೆಂದು ತುಟಿ ಕಚ್ಚಿಕೊಂಡಳು. ಒಂದು ಕ್ಷಣ ತಡೆದಳು, ಇನ್ನೊಂದು ಕ್ಷಣ ತಡೆದಳು. ಆಮೇಲೆ ಎಷ್ಟು ಜೋರಾಗಿ ನಕ್ಕಳೆಂದರೆ, ಹಿತ್ತಲಿನಲ್ಲಿ ಕುರಿಗಳು ಮೇವು ಬಿಟ್ಟು ತಲೆಯೆತ್ತಿದವು, ಪಕ್ಕದ ಮನೆಯಲ್ಲಿ ದ್ಯಾಮಮ್ಮ ಹಾಲಿಗೆ ಹೆಪ್ಪು ಹಾಕುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ ಗೋಡೆಗೆ ಕಿವಿಯಿಟ್ಟು, ಈ ಸಲ ಎಷ್ಟು ಜನ ಎಂದು ಬೆರಳು ಮಡಿಚಿ ಎಣಿಸತೊಡಗಿದಳು.